ಸಂಸ್ಕೃತ ಎಂದರೆ ಏನರ್ಥ? ಇವತ್ತು ಅದರಿಂದ ಏನು ಉಪಯೋಗ?

'ಸಂ' ಎಂದರೆ ಚೆನ್ನಾಗಿ, 'ಕೃತ' ಎಂದರೆ ಮಾಡಿದ್ದು. ಒಟ್ಟಿನಲ್ಲಿ ತಿದ್ದಿ ತೀಡಿದ ಮಾತು. ಜನರ ಬಾಯಲ್ಲಿ ಸಹಜವಾಗಿ ಓಡಾಡುತ್ತಿದ್ದ ಮಾತು ಪ್ರಾಕೃತ. ಅಂದರೆ ಸಂಸ್ಕೃತ ಎನ್ನುವುದು ಊರಿನ ಹೆಸರಲ್ಲ, ಜನಾಂಗದ ಹೆಸರೂ ಅಲ್ಲ, ಭಾಷೆಯ ಗುಣದ ಹೆಸರು.

ತಿದ್ದಿದ್ದು ಅಂದರೆ ಎಷ್ಟರ ಮಟ್ಟಿಗೆ? ಪಾಣಿನಿ ಬರೆದ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿ ನೋಡಿ. ಸುಮಾರು 4,000 ಪುಟ್ಟ ಸೂತ್ರಗಳು. ಅಕ್ಷರಗಳನ್ನು ಒಂದು ಜಾಣ ಕ್ರಮದಲ್ಲಿ ಜೋಡಿಸಿಟ್ಟು, 'ಅಚ್' ಎಂದರೆ ಎಲ್ಲಾ ಸ್ವರಗಳು, 'ಹಲ್' ಎಂದರೆ ಎಲ್ಲಾ ವ್ಯಂಜನಗಳು ಎಂದು ಎರಡಕ್ಷರದಲ್ಲಿ ಮುಗಿಸುತ್ತಾನೆ. ಈಗಿನ ಕೋಡಿಂಗ್‌ನವರು ಮಾಡುವುದೂ ಹೆಚ್ಚುಕಡಿಮೆ ಇದೇ ಅಲ್ವಾ? ಆದರೆ 'ಕಂಪ್ಯೂಟರ್‌ಗೆ ಸಂಸ್ಕೃತವೇ ಬೆಸ್ಟ್ ಅಂತ ನಾಸಾ ಹೇಳಿದೆ' ಅನ್ನುವುದು ಸುಮ್ನೆ ವಾಟ್ಸ್ಆ್ಯಪ್ ಮಾತು. 1985ರಲ್ಲಿ ನಾಸಾ ಕೇಂದ್ರವೊಂದರಲ್ಲಿದ್ದ ಸಂಶೋಧಕ ರಿಕ್ ಬ್ರಿಗ್ಸ್ ಬರೆದ ಒಂದು ಲೇಖನವನ್ನು ಹಿಗ್ಗಿಸಿದ್ದು, ಅಷ್ಟೆ.

2011ರ ಜನಗಣತಿಯಲ್ಲಿ ಸಂಸ್ಕೃತವನ್ನು ತಾಯ್ನುಡಿ ಎಂದು ಬರೆಸಿದವರು 24,821 ಮಂದಿ. ಶಿವಮೊಗ್ಗದ ಹತ್ತಿರದ ಮತ್ತೂರಿನಲ್ಲಿ ಇವತ್ತಿಗೂ ಮಾತಾಡುವವರು ಸಿಗುತ್ತಾರೆ. ಆದರೆ ಅದರ ನಿಜವಾದ ಬಳಕೆ ಬೇರೆ ಕಡೆ ಜಾಸ್ತಿ. ಆಯುರ್ವೇದ, ಗಣಿತ, ಶಾಸನಗಳ ಹಳೆಯ ಬರಹ ಓದಬೇಕಾದರೆ ಸಂಸ್ಕೃತ ಬೇಕೇ ಬೇಕು.

ಕನ್ನಡ ಅದರಿಂದ ಹುಟ್ಟಿದ್ದಲ್ಲ, ನಮ್ಮದು ದ್ರಾವಿಡ ನುಡಿ. ಆದರೂ ಪದಗಳನ್ನು ಧಾರಾಳವಾಗಿ ತಂದುಕೊಂಡು ನಮ್ಮ ನಾಲಿಗೆಗೆ ಬಗ್ಗಿಸಿಕೊಂಡಿದ್ದೇವೆ. ಆಕಾಶ ಆಗಸವಾಯಿತು. ಯಾತ್ರೆ ಜಾತ್ರೆಯಾಯಿತು, ಜೊತೆಗೆ ತೇರು, ಮಂಡಕ್ಕಿ, ಬತ್ತಾಸು ಎಲ್ಲಾ ಸೇರಿಕೊಂಡವು.