ಬೇಸ್ ಮೇಲೆ ‘ಪ್ರಿಸಿಷನ್’ ಅಂತ ಯಾಕೆ?

ತುಮಕೂರಿನಲ್ಲಿ ಕೊಂಡ ಹಳೆ ಬೇಸ್ ಗಿಟಾರ್ ಮೇಲೆ ‘ಪ್ರಿಸಿಷನ್’ ಅಂತ ಯಾಕಿದೆ ಎಂದು ಕೇಳಿದ್ದೀರಿ. ಅದು ಸುಮ್ನೆ ಇಟ್ಟ ಹೆಸರಲ್ಲ. 1951ರಲ್ಲಿ ಫೆಂಡರ್ ಕಂಪನಿ ಈ ಬೇಸ್ ತಂದಾಗ ಅದಕ್ಕೆ ಫ್ರೆಟ್‌ಗಳಿದ್ದವು, ಅಂದರೆ ಗಿಟಾರ್ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳು. ನಿಂತು ನುಡಿಸುವ ದೊಡ್ಡ ಬೇಸ್‌ಗೆ ಫ್ರೆಟ್ ಇಲ್ಲ. ಪಿಟೀಲಿನ ಹಾಗೆ ಬೆರಳು ಸ್ವಲ್ಪ ಜರುಗಿದರೂ ಶ್ರುತಿ ತಪ್ಪುತ್ತದೆ. ಫ್ರೆಟ್ ಇದ್ದರೆ ಸ್ವರ ಕರಾರುವಾಕ್ಕಾಗಿ ಬರುತ್ತದೆ. ಪ್ರಿಸಿಷನ್ ಅಂದರೆ ಕರಾರುವಾಕ್ಕು, ಹೆಸರು ಹುಟ್ಟಿದ್ದು ಅಲ್ಲಿಂದಲೇ.

ಗಿಬ್ಸನ್ ಕಂಪನಿಯ ‘ಲೆಸ್ ಪಾಲ್’ ಗಿಟಾರ್‌ಗಾದರೆ ಇಟ್ಟದ್ದು ಒಬ್ಬ ವಾದಕರ ಹೆಸರು. ನನಗೆ ತುಂಬಾ ಇಷ್ಟವಾದದ್ದು ಫೆಂಡರ್‌ನದೇ ಟೆಲಿಕಾಸ್ಟರ್ ಗಿಟಾರ್‌ನ ಹೆಸರಿನ ಕಥೆ. ಮೊದಲು ಅದು ‘ಬ್ರಾಡ್‌ಕಾಸ್ಟರ್’ ಆಗಿತ್ತು. ಅದೇ ಉಚ್ಚಾರದ ಹೆಸರು ತನ್ನ ಡ್ರಮ್‌ಗಳಿಗಿದೆ ಎಂದು ಗ್ರೆಚ್ ಕಂಪನಿ ತಕರಾರು ತೆಗೆಯಿತು. ಫೆಂಡರ್‌ನವರು ಸ್ಟಿಕ್ಕರ್‌ನಲ್ಲಿ ಆ ಹೆಸರನ್ನಷ್ಟೇ ಕತ್ತರಿಸಿ ಗಿಟಾರ್ ಮಾರಿದರು! ಟಿವಿ ನೆನಪಿಸುವ ‘ಟೆಲಿಕಾಸ್ಟರ್’ ಬಂದದ್ದು ಆಮೇಲೆ. ನಡುವಿನ ಆ ಹೆಸರಿಲ್ಲದ ಗಿಟಾರ್‌ಗಳನ್ನು ‘ನೋಕಾಸ್ಟರ್’ ಎನ್ನುತ್ತಾರೆ. ಈಗ ಅವುಗಳ ಬೆಲೆ ಬಹಳ ಜಾಸ್ತಿ.