ಓದುಗರ ಪ್ರಶ್ನೆ: ಮಾದರಿ ಲಾರಿಗಳು, ಹಳೆಯ ಫೈರ್ ಇಂಜಿನ್‌ಗಳು

ಪ್ರಶ್ನೆ: 1:25 ಅಳತೆಯ, ಅಂದರೆ ನಿಜದ ಇಪ್ಪತ್ತೈದನೇ ಒಂದರಷ್ಟು ಗಾತ್ರದ, ಫೈರ್ ಇಂಜಿನ್ ಮಾದರಿ ಕಟ್ಟುತ್ತಿದ್ದೇನೆ. ಎಷ್ಟು ಸಲ ಕೆಂಪು ಹೊಡೆದರೂ ಇಟ್ಟಿಗೆ ಬಣ್ಣದಂತೆ ಮಂಕಾಗಿಯೇ ಕಾಣುತ್ತದೆ. ಅಂಚುಗಳಲ್ಲಂತೂ ಬಣ್ಣವೇ ನಿಲ್ಲುವುದಿಲ್ಲ.

ಉತ್ತರ: ಬಣ್ಣವನ್ನು ದೂರುವ ಮೊದಲು ಅದರ ಕೆಳಗೇನಿದೆ ನೋಡಿ. ಮಾದರಿಗಳಿಗೆ ಬಳಸುವ ಕೆಂಪು ಬಣ್ಣಗಳಲ್ಲಿ ಬಹುಪಾಲು ತಳವನ್ನು ಪೂರ್ತಿ ಮುಚ್ಚುವುದಿಲ್ಲ. ಬೂದು ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಕೋಟ್) ಇದ್ದರೆ ಕೆಂಪು ಮಂಕಾಗುತ್ತದೆ. ಬಿಳಿ ಇದ್ದರೆ ಕಿತ್ತಳೆಯ ಕಡೆ ವಾಲುತ್ತದೆ. ಫೈರ್ ಇಂಜಿನ್ನಿನ ಆಳವಾದ ಕೆಂಪು ಬೇಕಿದ್ದರೆ ತಳ ಗುಲಾಬಿ ಇರಲಿ: ಐದು ಪಾಲು ಬಿಳಿಗೆ ಒಂದು ಪಾಲು ನಿಮ್ಮದೇ ಕೆಂಪು ಸೇರಿಸಿ ಒಂದು ಕೋಟ್ ಕೊಡಿ. ಎರಡೂ ಒಂದೇ ಜಾತಿಯ ಬಣ್ಣವಾಗಿರಬೇಕು. ಎನಾಮಲ್‌ಗೆ ಅಕ್ರಿಲಿಕ್ ಬೆರೆಯುವುದಿಲ್ಲ.

ಚೂಪಾದ ಅಂಚಿನಿಂದ ಹಸಿ ಬಣ್ಣ ತಾನಾಗಿ ಹಿಂದೆ ಸರಿಯುತ್ತದೆ. ಅದು ದ್ರವದ ಸ್ವಭಾವ. ಹಾಗಾಗಿ ಮೊದಲ ಸುತ್ತಿನಲ್ಲಿ ಅಂಚು, ಬಾಗಿಲ ಗೆರೆ, ರಿವೆಟ್ ಸಾಲುಗಳಿಗಷ್ಟೇ ತೆಳುವಾಗಿ ಹೊಡೆದು, ಅದು ಕಚ್ಚಿಕೊಂಡ ಮೇಲೆ ಬಯಲು ಭಾಗಕ್ಕೆ ಬನ್ನಿ. ಬಣ್ಣ ಹಾಲಿನಷ್ಟು ತೆಳ್ಳಗಿರಲಿ, ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಉಪಕರಣ) ಒತ್ತಡ 15ರಿಂದ 20 ಪಿಎಸ್‌ಐ, ದೂರ 10 ಸೆಂ.ಮೀ. ಆಸುಪಾಸು. ಮೂರು ನಾಲ್ಕು ತೆಳು ಕೋಟ್ ಸಾಕು. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಬಣ್ಣ ಗಟ್ಟಿಯಾಗಿದೆ, ಇಲ್ಲವೇ ದೂರದಿಂದ ಹೊಡೆದು ಹನಿಗಳು ದಾರಿಯಲ್ಲೇ ಒಣಗಿವೆ. ಪೂರ್ತಿ ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿದರೆ ಸರಿಹೋಗುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಮುಟ್ಟಬೇಡಿ, ಮೂಸಿ ನೋಡಿ. ಥಿನ್ನರ್ ವಾಸನೆ ಇರುವವರೆಗೂ ಒಳಗೆ ಹಸಿಯೇ. ಎನಾಮಲ್‌ಗೆ ದಿನಗಟ್ಟಲೆ ಬೇಕಾಗುತ್ತದೆ.

ಇನ್ನೊಂದು ಮಾತು. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದರೆ, ಅದರೊಳಗಿನ ಬಣ್ಣ ಪ್ರೈಮರ್‌ನ ಥಿನ್ನರ್‌ಗೆ ಕರಗಿ ಮೇಲೇಳಬಹುದು. ಬಿಳಿ ಚಾವಣಿಯೋ ಬಿಳಿ ಪಟ್ಟಿಯೋ ಇರುವ ವಾಹನದಲ್ಲಿ ಆ ಬಿಳಿ ನಿಧಾನವಾಗಿ ಗುಲಾಬಿಯಾಗುವುದು ಇದರಿಂದಲೇ. ಬಿಳಿಯ ಕೆಳಗೆ ಒಂದು ಕೋಟ್ ಬೆಳ್ಳಿ ಬಣ್ಣ ಕೊಟ್ಟರೆ ಅದು ತಡೆಯಾಗಿ ನಿಲ್ಲುತ್ತದೆ.

ಪ್ರಶ್ನೆ: ಆರು ಚಕ್ರದ ಲಾರಿ ಮುಗಿಸಿದೆ. ಮೇಜಿನ ಮೇಲಿಟ್ಟರೆ ಮುಂದಿನ ಒಂದು ಚಕ್ರ ನೆಲ ಮುಟ್ಟುವುದಿಲ್ಲ.

ಉತ್ತರ: ಚಾಸಿ, ಅಂದರೆ ಲಾರಿಯ ಅಡಿಚೌಕಟ್ಟು, ತಿರುಚಿಕೊಂಡಿದೆ. ಎರಡು ಉದ್ದ ಹಳಿ, ನಡುವೆ ಅಡ್ಡಪಟ್ಟಿ, ಇಷ್ಟೇ ಇರುವ ಚೌಕಟ್ಟು ಅಂಟು ಒಣಗುವಾಗ ಸ್ವಲ್ಪ ಎಳೆದರೂ ತಿರುಚುತ್ತದೆ. ಮುಗಿದ ಮಾದರಿಯಲ್ಲಿ ಆ ಚಕ್ರದ ಆಕ್ಸಲ್ಲನ್ನು ಸ್ಪ್ರಿಂಗ್‌ನಿಂದ ಬಿಡಿಸಿ, ನಡುವೆ 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಚೂರುಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಪ್ರತಿ ಟೈರಿನಡಿ ಕಾಗದದ ಪಟ್ಟಿ ತೂರಿಸಿ ಎಳೆಯಿರಿ: ಎಲ್ಲ ಕಡೆ ಒಂದೇ ಬಿಗಿ ಸಿಕ್ಕರೆ ಅಂಟಿಸಿ.

ಮುಂದಿನ ಸಲ ಚಾಸಿಯನ್ನು ದಪ್ಪ ಗಾಜಿನ ಮೇಲೆಯೇ ಜೋಡಿಸಿ. ಹಳಿಗಳು ಮೊದಲೇ ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ನೇರಮಾಡಿ. ಕುದಿಯುವ ನೀರು ಬೇಡ. ಅಡ್ಡಪಟ್ಟಿಗಳ ಅಂಟು ಇನ್ನೂ ಮೆತ್ತಗಿರುವಾಗಲೇ ಆಕ್ಸಲ್, ಚಕ್ರಗಳನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಮೇಲೆ ಸಮನಾಗಿ ಭಾರ ಹೇರಿ ಒಂದು ದಿನ ಬಿಡಿ. ಇಂಜಿನ್, ಗೇರ್‌ಬಾಕ್ಸ್ ಆಮೇಲೆ.

ಪ್ರಶ್ನೆ: ಕಪಾಟಿನಲ್ಲಿಟ್ಟ ಹಳೆಯ ಮಾದರಿಯ ಚಕ್ರದ ರಿಮ್‌ಗಳು ಟೈರ್ ತಾಗುವ ಕಡೆ ಕರಗಿದಂತಾಗಿವೆ.

ಉತ್ತರ: ವಿನೈಲ್ ಟೈರನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ಹೊರಬಂದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ರಿಮ್ಮನ್ನು ತಿನ್ನುತ್ತದೆ. ಹೊಸ ರಿಮ್‌ಗೆ ಟೈರ್ ಕೂರುವ ಜಾಗದಲ್ಲಿ ತೆಳು ಲೋಹದ ಹಾಳೆ ಸುತ್ತಿ. ಬಣ್ಣವನ್ನಷ್ಟೇ ನಂಬಬೇಡಿ, ಆ ದ್ರವ್ಯ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ.

ಪ್ರಶ್ನೆ: ಅಮೆರಿಕದ ಅಹ್ರೆನ್ಸ್-ಫಾಕ್ಸ್ ಫೈರ್ ಇಂಜಿನ್‌ಗಳ ಮೂತಿಯ ಮೇಲೆ ಹೊಳೆಯುವ ದೊಡ್ಡ ಗೋಳ ಇರುತ್ತದಲ್ಲ, ಅದು ಅಲಂಕಾರಕ್ಕೋ?

ಉತ್ತರ: ಅಲಂಕಾರವಲ್ಲ, ಗಾಳಿಕೋಣೆ. ಸಿನ್ಸಿನಾಟಿಯ ಈ ಕಂಪನಿ ಪಿಸ್ಟನ್ ಪಂಪನ್ನು ವಾಹನದ ಮುಂದೆಯೇ ಕೂರಿಸುತ್ತಿತ್ತು. ಪಿಸ್ಟನ್ ಪಂಪಿನಿಂದ ನೀರು ಒಂದೇ ಸಮನೆ ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಗೋಳದೊಳಗಿನ ಗಾಳಿ ಪ್ರತಿ ತಳ್ಳುವಿಕೆಗೆ ಕುಗ್ಗಿ, ನಡುವಿನ ಬಿಡುವಿನಲ್ಲಿ ಹಿಗ್ಗಿ ನೀರನ್ನು ಮುಂದೂಡುತ್ತದೆ. ಹೋಸಿನ ತುದಿಯಲ್ಲಿ ಧಾರೆ ತುಂಡಾಗುವುದಿಲ್ಲ. ಇಷ್ಟು ಚೆಲುವಾದ ಯಂತ್ರಭಾಗವನ್ನು ಬಾನೆಟ್ ಒಳಗೆ ಮುಚ್ಚಿಡದೆ ಮುಂದೆ ನಿಲ್ಲಿಸಿದ್ದು ನೋಡುವವರ ಭಾಗ್ಯ.

ಮಾದರಿಯಲ್ಲಿ ಆ ಗೋಳಕ್ಕೆ ಸರಿಯಾದ ಗಾತ್ರದ ಬೇರಿಂಗ್ ಗುಂಡು ಹುಡುಕಿ, ಎಪಾಕ್ಸಿಯಿಂದ ಅಂಟಿಸಿ. ಪ್ಲಾಸ್ಟಿಕ್ ಸಿಮೆಂಟ್ ಲೋಹಕ್ಕೆ ಹಿಡಿಯುವುದಿಲ್ಲ. ವಾಹನದ ಇಸವಿಯನ್ನೂ ಗಮನಿಸಿ. ವಾಹನಗಳಿಗೆ ಕ್ರೋಮ್ ಲೇಪ ಬಳಕೆಗೆ ಬಂದದ್ದು 1920ರ ದಶಕದ ಕೊನೆಯ ಹೊತ್ತಿಗೆ. ಅದಕ್ಕಿಂತ ಹಳೆಯದಾದರೆ ನಿಕ್ಕಲ್: ಹೊಳಪು ತುಸು ಹಳದಿ ಬೆರೆತು ಬೆಚ್ಚಗಿರುತ್ತದೆ. ಕ್ಲಿಯರ್ ವಾರ್ನಿಷ್‌ಗೆ ಒಂದು ಹನಿ ಪಾರದರ್ಶಕ ಹಳದಿ ಸೇರಿಸಿ ಮೇಲೆ ಕೊಟ್ಟರೆ ಆ ಛಾಯೆ ಬರುತ್ತದೆ. 1915ರ ಬಂಡಿಗೆ ನೀಲಿ ಮಿಂಚಿನ ಕ್ರೋಮ್ ಹಾಕಿದರೆ ಬಲ್ಲವರ ಕಣ್ಣಿಗೆ ತಟ್ಟನೆ ಕುಟುಕುತ್ತದೆ.

ಪ್ರಶ್ನೆ: 1:24 ಫೈರ್ ಇಂಜಿನ್ ಮಾದರಿಯ ಹಾಸಿನಲ್ಲಿ (ಹೋಸ್ ಇಡುವ ಜಾಗದಲ್ಲಿ) ಮಡಿಸಿಡಲು ಹೋಸ್ ಎಷ್ಟು ಅಗಲ ಇರಬೇಕು? ಎರಡೂವರೆ ಇಂಚಿನ ಹೋಸ್ ಎಂದು ಲೆಕ್ಕಹಾಕಿ 2.6 ಮಿ.ಮೀ. ದಾರ ತಂದೆ, ಬಡಕಲಾಗಿ ಕಾಣುತ್ತಿದೆ.

ಉತ್ತರ: ಎರಡೂವರೆ ಇಂಚು, ಅಂದರೆ 63.5 ಮಿ.ಮೀ., ನೀರು ತುಂಬಿದಾಗಿನ ಒಳವ್ಯಾಸ. ಮಡಿಸಿಟ್ಟ ಹೋಸ್ ಚಪ್ಪಟೆ. ಅದರ ಅಗಲ ಸುತ್ತಳತೆಯ ಅರ್ಧ. 63.5ನ್ನು 3.14ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಸುಮಾರು 100 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ 4 ಮಿ.ಮೀ.ಗೆ ಸ್ವಲ್ಪ ಮೇಲೆ. 4 ಮಿ.ಮೀ. ಅಗಲದ ಹತ್ತಿ ಟೇಪು ತನ್ನಿ, ಹೊಳೆಯುವ ನೈಲಾನ್ ಬೇಡ. ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ, ಹಾಸಿನ ಅಳತೆಗೆ ಹಿಂದೆ ಮುಂದೆ ಮಡಿಸಿ ಒಣಗಿಸಿ. ಮಡಿಕೆಗಳು ಎಲ್ಲ ಒಂದೇ ಗೆರೆಯಲ್ಲಿ ನಿಲ್ಲದಿದ್ದರೆ ಚಿಂತೆ ಬೇಡ, ನಿಜವಾದ ಹಾಸಿನಲ್ಲೂ ಒಂದೊಂದು ಮಡಿಕೆ ಗಿಡ್ಡ ಇಟ್ಟಿರುತ್ತಾರೆ.

ಪ್ರಶ್ನೆ: ಹಳೆಯ ಇಂಗ್ಲಿಷ್ ಡೆನಿಸ್ ಕಂಪನಿಯ ಫೈರ್ ಇಂಜಿನ್ನಿನಲ್ಲಿ ಸಿಬ್ಬಂದಿ ಪಕ್ಕಕ್ಕೆ ಮುಖಮಾಡಿ ಹೊರಗೇ ಕೂರುವ ಆಸನ ಇದೆ. ಸರಿಯೇ?

ಉತ್ತರ: ಸರಿ. ಅದಕ್ಕೆ ಬ್ರೇಡ್‌ವುಡ್ ಮೈಕಟ್ಟು ಎನ್ನುತ್ತಾರೆ. 1861ರಲ್ಲಿ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಮಡಿದ ಲಂಡನ್ ಅಗ್ನಿಶಾಮಕ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಹೆಸರು. ಕುದುರೆ ಬಂಡಿಯ ವೇಗಕ್ಕೆ ಹೊಂದಿದ್ದ ಈ ಕೂರುವ ಕ್ರಮ ಮೋಟಾರಿಗೆ ಅಪಾಯಕಾರಿಯಾಯಿತು, ತಿರುವಿನಲ್ಲಿ ಜನ ಹೊರಗೆ ಬೀಳುತ್ತಿದ್ದರು. 1930ರ ದಶಕದಲ್ಲಿ ಮುಚ್ಚಿದ ಮೈಕಟ್ಟು ಬಂತು. ನಿಮ್ಮ ಮಾದರಿಯಲ್ಲಿ ಸಿಬ್ಬಂದಿ ಹಿಡಿದುಕೊಳ್ಳುವ ಹಿತ್ತಾಳೆ ಕಂಬಿಯನ್ನು ಮರೆಯಬೇಡಿ. 1:24ಕ್ಕೆ 1 ಮಿ.ಮೀ. ಹಿತ್ತಾಳೆ ತಂತಿ ಸಾಕು. ಪ್ಲಾಸ್ಟಿಕ್ ಕಂಬಿ ಕೈ ತಗುಲಿದರೆ ಮುರಿಯುತ್ತದೆ, ಮೇಲೆ ಬಳಿದ ಹಿತ್ತಾಳೆ ಬಣ್ಣ ತಂತಿಯ ಹೊಳಪಿನ ಹತ್ತಿರಕ್ಕೂ ಬರುವುದಿಲ್ಲ.