ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಸರದಿಯನ್ನು ಬೇರೆ ತಂಡಕ್ಕೆ ಕೊಡಬಹುದು, ಬೇಸ್‌ಬಾಲ್‌ನಲ್ಲಿ ಯಾಕೆ ಆಗಲ್ಲ?

ನಿಯಮವೇ ಬಿಡುವುದಿಲ್ಲ. ಡ್ರಾಫ್ಟ್ ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಅಮೆರಿಕದ ಬೇಸ್‌ಬಾಲ್ ಲೀಗ್ ಆದ ಎಂಎಲ್‌ಬಿಯಲ್ಲಿ ಸಣ್ಣ ತಂಡಗಳಿಗೆ ಸಿಗುವ ಕೆಲವು ಹೆಚ್ಚುವರಿ ಸರದಿಗಳನ್ನು ಮಾತ್ರ ಬೇರೆಯವರಿಗೆ ಕೊಡಬಹುದು.

ಕಾರಣ ದುಡ್ಡು. ಒಳ್ಳೆಯ ಹುಡುಗ ಜಾಸ್ತಿ ಹಣ ಕೇಳಿದರೆ, ಬಡ ತಂಡ ತನ್ನ ಸರದಿಯನ್ನೇ ಸಿರಿವಂತ ತಂಡಕ್ಕೆ ದಾಟಿಸಿಬಿಡುತ್ತದೆ ಎಂಬ ಭಯ. 1985ರಲ್ಲಿ ಮಾಂಟ್ರಿಯಲ್ ಬೇಸ್‌ಬಾಲ್ ತಂಡ ಆರಿಸಿಕೊಂಡ ಪೀಟ್ ಇಂಕವೀಲಿಯಾ, ಅಲ್ಲಿ ಆಡಲ್ಲ ಎಂದು ಪಟ್ಟು ಹಿಡಿದು ಟೆಕ್ಸಸ್‌ಗೆ ಹೋದರು. ಆಮೇಲೆ, ಹೊಸಬರನ್ನು ಒಂದು ವರ್ಷ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬ ನಿಯಮವೂ ಬಂತು; 2015ರಲ್ಲಿ ಅದನ್ನು ಸಡಿಲಿಸಿದರು.

ಅಮೆರಿಕನ್ ಫುಟ್‌ಬಾಲ್ ಅಭಿಮಾನಿಯಾದ ನನಗೆ ಈ ಕೊಡು-ಕೊಳ್ಳುವಿಕೆಯೇ ಅರ್ಧ ಆಟ. 1989ರಲ್ಲಿ ಎನ್‌ಎಫ್‌ಎಲ್‌ನ ಡಲ್ಲಾಸ್ ತಂಡ, ತನ್ನ ತಾರಾ ಆಟಗಾರ ಹರ್ಷೆಲ್ ವಾಕರ್ ಅವರನ್ನು ಮಿನ್ನೆಸೋಟಾಗೆ ಕೊಟ್ಟು ಸರದಿಗಳ ರಾಶಿಯನ್ನೇ ಪಡೆಯಿತು. ಅದರಲ್ಲಿ ಬಂದ 21ನೇ ಸರದಿಯ ಜೊತೆ ಇನ್ನೊಂದನ್ನು ಸೇರಿಸಿ ಪಿಟ್ಸ್‌ಬರ್ಗ್‌ಗೆ ಕೊಟ್ಟು, 17ನೇ ಸ್ಥಾನಕ್ಕೇರಿ ಎಮಿಟ್ ಸ್ಮಿತ್ ಅವರನ್ನು ಆರಿಸಿಕೊಂಡಿತು. ಮುಂದೆ ಮೂರು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದಿತು! 2012ರಿಂದ ಬೇಸ್‌ಬಾಲ್‌ನಲ್ಲೂ ಹೊಸಬರಿಗೆ ಕೊಡುವ ಹಣಕ್ಕೆ ಕಡಿವಾಣವಿದೆ. ಹಳೇ ಭಯಕ್ಕೆ ಈಗ ಅಷ್ಟು ಅರ್ಥವಿಲ್ಲ, ಅಲ್ವಾ? ಅಲ್ಲೂ ಬಿಡಬೇಕು ಅನ್ನುವುದೇ ನನ್ನ ಅಭಿಪ್ರಾಯ.